ಧರ್ಮಶಾಲೆಯ ಕಟ್ಟೆಗೆ ಬಂದ ಕ್ಷೌರದ ಕಾಕಾ

ಮೊನ್ನೆ ಮೊಮ್ಮಗಳಿಗೆ ಮೈತುಂಬ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಅವು ಒಣಗಿದ ಮೇಲೆ ಸೊಸೆ ದೊಡ್ಡ ಪಾತ್ರೆಯಲ್ಲಿ ಬೇವಿನ ಎಲೆ ಹಾಕಿ ಸ್ನಾನಕ್ಕೆ ನೀರು ಕಾಯಿಸಿದಳು. ಹಬೆ ಬಚ್ಚಲಿನಿಂದ ಪಡಸಾಲೆಯವರೆಗೆ ಬಂತು. ನಾನು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟೆ. ಆ ಕಹಿ ವಾಸನೆ ನನ್ನ ಮನಸ್ಸಿನಲ್ಲಿ ಕೂತದ್ದು ಕೊಲ್ಹಾಪುರದ ರೈಲ್ವೆ ಸ್ಟೇಷನ್ನಿನ ಹತ್ತಿರದ ಒಂದು ಹಳೆಯ ಧರ್ಮಶಾಲೆಯ ಕಟ್ಟೆಯ ಮೇಲೆ. ನನಗೆ ಆಗ ಹತ್ತೊಂಬತ್ತು ವರ್ಷ. ನೀರು ಕಾಯಿಸುತ್ತಿದ್ದವರು ನಾವು ಹುಡುಗರು. ಆ ನೀರಿನಲ್ಲಿ ಕತ್ತಿ ಅದ್ದಿ ತೆಗೆಯುತ್ತಿದ್ದವರು ನಮ್ಮ ಬೋರ್ಡಿಂಗಿಗೆ ಬರುತ್ತಿದ್ದ ಕ್ಷೌರದ ಕಾಕಾ...

ಅರವತ್ತರ ದಶಕದ ಮೊದಲ ವರ್ಷಗಳು. ಉತ್ತೂರಿನಿಂದ ಕಾಲೇಜು ಓದಲು ಬಂದಿದ್ದ ನಾನು, ಗಡಹಿಂಗ್ಲಜ ಕಡೆಯ ಕನ್ನಡ ಮನೆತನದ ಹುಡುಗರಿಗಾಗಿ ಕೆಲವು ವ್ಯಾಪಾರಸ್ಥರು ನಡೆಸುತ್ತಿದ್ದ ಬೋರ್ಡಿಂಗಿನಲ್ಲಿದ್ದೆ. ನನಗೆ ಊಟ, ವಸತಿ ಎರಡೂ ಪುಕ್ಕಟೆ. ಅದು ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ರೆಕ್ಟರರ ಕೃಪೆ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಪ್ರತಿ ರವಿವಾರ ಬೆಳಿಗ್ಗೆ ಕಾಕಾ ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬಂದು ಅಂಗಳದಲ್ಲಿ ಕೂರುತ್ತಿದ್ದರು. ತೆಳ್ಳಗಿನ ಮೈ, ಮಾತು ಕಡಿಮೆ. ಸುತ್ತಲಿನ ಓಣಿಯಲ್ಲೂ ಅವರಿಗೆ ಕಾಯಂ ಮನೆಗಳಿದ್ದವು. ಮರಾಠಿಯವರ ಜೊತೆ ಮರಾಠಿ, ನಮ್ಮ ಜೊತೆ ನಮ್ಮದೇ ಕನ್ನಡ. ವಯಸ್ಸಿನಲ್ಲಿ ನಮ್ಮ ತಂದೆಯಷ್ಟು ದೊಡ್ಡವರಾದರೂ ನಮಗೆಲ್ಲ ‘ರೀ’ ಹಚ್ಚಿಯೇ ಮಾತಾಡುತ್ತಿದ್ದರು. ಅದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಆಗ ನಮಗೆ ಅನಿಸಿರಲಿಲ್ಲ.

ಆ ವರ್ಷ ನಾವು ಆರು ಜನ ಹುಡುಗರು ಸೇರಿ ಒಂದು ಸೇವಾ ಮಂಡಳ ಮಾಡಿದೆವು. ಕಾರ್ಯದರ್ಶಿ ನಾನೇ. ಮನೆಮಾರಿಲ್ಲದೆ ಧರ್ಮಶಾಲೆಯ ಕಟ್ಟೆಯ ಮೇಲೆ ಮಲಗುತ್ತಿದ್ದವರಿಗೆ ರವಿವಾರ ಮಧ್ಯಾಹ್ನ ಜೋಳದ ಭಾಕರಿ, ಕಡಲೆಹಿಟ್ಟಿನ ಝುಣಕ ಒಯ್ದು ಕೊಡುವುದು ನಮ್ಮ ಕೆಲಸ. ಇಪ್ಪತ್ತು ಇಪ್ಪತ್ತೈದು ಮಂದಿ ಇರುತ್ತಿದ್ದರು. ಸುಮ್ಮನೆ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಅವರು ನಮ್ಮನ್ನು ಹೊಗಳಲಿಲ್ಲವಲ್ಲ ಎಂದು ಒಳಗೊಳಗೇ ಸ್ವಲ್ಪ ಬೇಸರವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವರಲ್ಲಿ ಒಬ್ಬ ನೇಕಾರನಿದ್ದ. ಇಚಲಕರಂಜಿಯಲ್ಲಿ ಪಾವರ್‌ಲೂಮ್ ಮೇಲೆ ಕೂಲಿಗಿದ್ದವನು, ಜಡ್ಡಿಗೆ ಬಿದ್ದು ಮೊದಲು ಕೆಲಸ, ಆಮೇಲೆ ಬಾಡಿಗೆಯ ಖೋಲಿ ಕಳೆದುಕೊಂಡಿದ್ದ. ಗಡ್ಡ, ತಲೆಗೂದಲು ಜಡೆಗಟ್ಟಿ ಮುಖವೇ ಕಾಣುತ್ತಿರಲಿಲ್ಲ. ಒಂದು ರವಿವಾರ ಅವನು ಭಾಕರಿಯನ್ನು ಪಕ್ಕಕ್ಕಿಟ್ಟು ನನಗೆ ಹೇಳಿದ:

“ತಮ್ಮಾ, ಉಣ್ಣಾಕ ಗುಡಿ ಮುಂದ ಕುಂತ್ರೂ ಸಿಗತೈತಿ. ನನ್ನ ಮೈ ಈಗ ನೆಟ್ಟಗಾಗೈತಿ, ದುಡೀತೀನಿ. ಆದ್ರ ಈ ಮಾರಿ ನೋಡಿ ಯಾವ ಮಾಲಕ ನನ್ನ ಒಳಗ ಬಿಡ್ತಾನ?”

ಬೋರ್ಡಿಂಗಿಗೆ ಮರಳಿ ಬರುವ ದಾರಿಯಲ್ಲಿ ನಮಗೆ ಕಾಕಾ ನೆನಪಾದರು. ಮುಂದಿನ ವಾರ, ಧರ್ಮಶಾಲೆಯವರಿಗೂ ಕ್ಷೌರ ಮಾಡಲು ಬರುತ್ತೀರಾ ಎಂದು ಅವರನ್ನು ಕೇಳಿದೆವು. ಅವರು ಒಬ್ಬ ಹುಡುಗನ ತಲೆ ಬಗ್ಗಿಸಿ ಕೂದಲು ಕತ್ತರಿಸುತ್ತಿದ್ದರು. ಉತ್ತರ ಕೊಡಲಿಲ್ಲ. ಅದರ ಮುಂದಿನ ವಾರವೂ ಕೊಡಲಿಲ್ಲ. ಮೂರನೆಯ ವಾರ ಪೆಟ್ಟಿಗೆ ಮುಚ್ಚುತ್ತ ತಾವಾಗಿಯೇ ಹೇಳಿದರು: “ಬೇವಿನ ಎಲಿ ಹಾಕಿ ನೀರು ಕಾಸಿ ಕೊಡ್ರಿ. ನಾ ಬರ್ತೀನಿ.”

ಬಂದರು. ಬೋರ್ಡಿಂಗಿಗೆ ತರುವ ಪೆಟ್ಟಿಗೆಯನ್ನು ಮನೆಯಲ್ಲಿಟ್ಟು, ಬೇರೆ ಒಂದು ಬಟ್ಟೆಯ ಗಂಟು ತಂದಿದ್ದರು. ಅದರಲ್ಲಿ ಬೇರೆ ಕತ್ತಿ, ಬೇರೆ ಕತ್ತರಿ, ಬೇರೆ ಬ್ರಷ್ಷು. ನಾನು ಕೇಳಿದ್ದಕ್ಕೆ, “ಓಣಿ ಮಂದಿದು ಓಣಿ ಮಂದಿಗೆ, ಇವರದು ಇವರಿಗೆ” ಎಂದರು. ಕಟ್ಟೆಯ ಮೇಲೆ ನಾವು ಬೇಗ ಬೇಗ ಮುಗಿಸುವ ಲೆಕ್ಕದಲ್ಲಿದ್ದೆವು. ಅವರು ಮಾತ್ರ ಒಬ್ಬೊಬ್ಬನನ್ನೂ ಕೂರಿಸಿಕೊಂಡು, ಹೆಸರು ಕೇಳಿ, ಯಾವ ಊರು ಎಂದು ಕೇಳಿ, ಆಮೇಲೆ ಕತ್ತಿ ಹಿಡಿದರು. ನಾವು ಅಷ್ಟು ವಾರ ಭಾಕರಿ ಕೊಟ್ಟರೂ ಒಬ್ಬನ ಹೆಸರನ್ನೂ ಕೇಳಿರಲಿಲ್ಲ.

ನೇಕಾರನಿಗೇ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಮುಗಿದ ಮೇಲೆ ಕಾಕಾ ಕನ್ನಡಿ ಹಿಡಿದರು. ಅವನು ಬಹಳ ಹೊತ್ತು ನೋಡಿಕೊಂಡು, “ನಮ್ಮಣ್ಣನಂಗ ಕಾಣಾಕತ್ತೀನಿ” ಎಂದ. ಮರುದಿನ ನಮ್ಮಲ್ಲೊಬ್ಬನ ಹಳೆಯ ಅಂಗಿ ತೊಟ್ಟು ಇಚಲಕರಂಜಿಗೆ ಹೋದ. ಹದಿನೈದು ದಿನದಲ್ಲಿ, ಅಲ್ಲೇ ಪಕ್ಕದ ಕಬನೂರಿನ ಒಂದು ಮಗ್ಗದ ಶೆಡ್ಡಿನಲ್ಲಿ ಕೆಲಸ ಸಿಕ್ಕಿತೆಂದು ಅವನಿಂದ ಸುದ್ದಿ ಬಂತು.

ನಮ್ಮ ಉಬ್ಬು ಏನು ಹೇಳಲಿ... ಕಾಲೇಜಿನ ವಾರ್ಷಿಕ ಸಮಾರಂಭದಲ್ಲಿ ಮಂಡಳದ ಬಗ್ಗೆ ಮಾತಾಡಲು ನನ್ನನ್ನು ಕರೆದರು. ನಾನು ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಜಡೆಗಟ್ಟಿದ ಕೂದಲು, ಹೇನು, ಹುಣ್ಣು, ಅದೆಲ್ಲದರ ನಡುವೆ ಕತ್ತಿ ಆಡಿಸುವ ನಮ್ಮ ಬೋರ್ಡಿಂಗಿನ ಕಾಕಾ. ಬೇರೆ ಕತ್ತಿಯ ಮಾತೊಂದು ಮಾತ್ರ ಬಿಟ್ಟುಹೋಯಿತು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಓಣಿಯ ದೊಡ್ಡ ವ್ಯಾಪಾರಿಯೊಬ್ಬರು ಕೂತಿದ್ದರು. ಅವರು ಚಪ್ಪಾಳೆ ಹೊಡೆಯದೆ ತಮ್ಮ ಗಲ್ಲ ಸವರಿಕೊಂಡದ್ದನ್ನು ನಾನು ನೋಡಿದೆ. ಆದರೆ ಅದರ ಅರ್ಥ ಆಗ ಹೊಳೆಯಲಿಲ್ಲ.

ಎರಡೇ ವಾರದಲ್ಲಿ ಓಣಿಯ ಮನೆಗಳು ಒಂದೊಂದಾಗಿ ಕಾಕಾರಿಗೆ ಬೇಡ ಎಂದವು. ನಮ್ಮ ಬೋರ್ಡಿಂಗಿನ ಕೆಲವು ಹುಡುಗರೂ ಗೊಣಗಿದರು. ಮುಂದಿನ ರವಿವಾರ ರೆಕ್ಟರರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಕಾಕಾ ಪೆಟ್ಟಿಗೆ ಹಿಡಿದು ಒಂದು ಕಡೆ ನಿಂತಿದ್ದರು.

“ಅಲ್ಲಿ ಆಡಿಸಿದ ಕತ್ತಿ ಇಲ್ಲಿ ನಮ್ಮ ಹುಡುಗರ ಮಾರಿಗೆ ಬ್ಯಾಡ. ಇನ್ನ ಮ್ಯಾಲೆ ಬ್ಯಾರೇದಂವ ಬರ್ತಾನ,” ಎಂದರು ರೆಕ್ಟರರು. ಆಮೇಲೆ ನನ್ನ ಕಡೆಯೇ ತಿರುಗಿ, “ಮಂಡಳದವರದು ಏನರ ಹೇಳೂದೈತೇನು?” ಎಂದರು.

ನಾನು ನೆಲ ನೋಡಿದೆ. ಕೊನೆಯ ವರ್ಷ, ಪುಕ್ಕಟೆ ಊಟ, ಊರಿನಲ್ಲಿ ಅಪ್ಪ... ಅಷ್ಟೂ ಒಮ್ಮೆಲೇ ತಲೆಯಲ್ಲಿ ಓಡಿತು. “ಏನಿಲ್ರಿ” ಎಂದೆ.

ಕಾಕಾ ಒಂದು ಕ್ಷಣ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನನಗೇನಾದರೂ ಆಗಿದೆಯೇ ಎಂದು ವಿಚಾರಿಸುವವರ ಹಾಗೆ ನೋಡಿದರು. ಆಮೇಲೆ ಗೇಟು ದಾಟಿ ಹೋದರು.

ಮಂಡಳವೂ ಹೆಚ್ಚು ದಿನ ಉಳಿಯಲಿಲ್ಲ. ಪರೀಕ್ಷೆ ಬಂತು, ಒಬ್ಬೊಬ್ಬರೇ ಬಿಟ್ಟರು. ಕೊನೆಗೆ ಒಂದು ಮಧ್ಯಾಹ್ನ ನಾನೊಬ್ಬನೇ ಅಂಜುತ್ತಲೇ ಧರ್ಮಶಾಲೆಗೆ ಹೋದೆ. ಕಾಕಾ ಅಲ್ಲಿದ್ದರು. ಮೂರು ಕಲ್ಲು ಹೂಡಿ, ನೀರನ್ನು ತಾವೇ ಕಾಯಿಸಿಕೊಂಡಿದ್ದರು. ನಾನು, “ಕಾಕಾ, ನೀವಿನ್ನೂ ಬರ್ತೀರಿ?” ಎಂದೆ.

“ನೀವು ಕರದ್ರಿ ಅಂತ ಬಂದೆ, ಖರೆ,” ಎಂದರು, ಕೈಯ ಕೆಲಸ ನಿಲ್ಲಿಸದೆ. “ನೀವು ಬಿಟ್ರಿ ಅಂತ ಬಿಡಾಕ ಬರೂದಿಲ್ರಿ. ಇವರು ದಾರಿ ನೋಡ್ತಾರ. ನೀವು ಹೋಗಿ ಓದ್ರಿ.”

ನಾನು ಹೋಗಿ ಓದಿದೆ. ಪಾಸಾದೆ. ಗಡಹಿಂಗ್ಲಜದಲ್ಲಿ ಮಾಸ್ತರನಾದೆ.

ಐದಾರು ವರ್ಷ ಕಳೆದಿರಬೇಕು. ತಂಗಿಯ ಮದುವೆಯ ಜವಳಿಗೆಂದು ಇಚಲಕರಂಜಿಗೆ ಹೋಗಿದ್ದಾಗ, ಅಂಗಡಿಯಲ್ಲಿ ಒಬ್ಬ ಮನುಷ್ಯ ಬಂದು ನನ್ನ ಭುಜ ಹಿಡಿದ. ಅದೇ ನೇಕಾರ. ಅವನೇ ಹೇಳಿದ: ಕೊಲ್ಹಾಪುರದಲ್ಲಿ ಕಾಕಾರಿಗೆ ಒಲೆ ಹೊತ್ತುವುದೂ ಕಷ್ಟವಾದಾಗ, ಸುದ್ದಿ ತಿಳಿದು ಈತನೇ ಹೋಗಿ ಕರೆದುಕೊಂಡು ಬಂದಿದ್ದನಂತೆ. ಮಾಲಕನನ್ನು ಕೇಳಿ, ಕಬನೂರಿನಲ್ಲಿ ಶೆಡ್ಡಿನ ಗೋಡೆಗೆ ಒಂದು ತಗಡು ಇಳಿಬಿಟ್ಟು ಜಾಗ ಮಾಡಿಕೊಟ್ಟಿದ್ದ. “ಅವರು ನನ್ನ ಮಾರಿ ನನಗ ತಿರುಗಿ ಕೊಟ್ಟಾರ್ರಿ. ಒಂದು ತಗಡು ಯಾವ ದೊಡ್ಡದು,” ಎಂದ.

ಅವನ ಸೈಕಲ್ಲಿನ ಹಿಂದೆ ಕೂತು ಹೋದೆ. ಪಾಳಿ ಬದಲಾಗುವ ಹೊತ್ತು. ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ಐದಾರು ಜನ ಸರದಿಗೆ ಕಾಯುತ್ತಿದ್ದರು. ಒಳಗೆ ಮಗ್ಗಗಳ ಸದ್ದು, ಹೊರಗೆ ಕಾಕಾ. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿ, “ಬರ್ರಿ, ಗಡ್ಡ ಭಾಳ ಬಂದಾವ” ಎಂದರು, ನಿನ್ನೆಯಷ್ಟೇ ಭೇಟಿಯಾದವರ ಹಾಗೆ.

ಕುರ್ಚಿಯ ಮೇಲೆ ಕೂತೆ. ಸೋಪು ಹಚ್ಚಿದರು. ಕತ್ತಿ ಗಂಟಲ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. “ಕಾಕಾ, ಅವತ್ತು ರೆಕ್ಟರ್ ಕೇಳಿದಾಗ ನಾನು...” ಎಂದೆ.

“ಮಾತಾಡಬ್ಯಾಡ್ರಿ,” ಎಂದರು ಮೆಲ್ಲಗೆ. “ಕೊಯ್ತೈತಿ.”

ಮುಗಿದ ಮೇಲೆ ನನ್ನ ಮುಖ ಒರೆಸಿ, ತಂಗಿಯ ಮದುವೆ ಯಾವಾಗ, ಹುಡುಗ ಎಲ್ಲಿಯವನು ಎಂದು ಕೇಳಿದರು. ಅಷ್ಟರಲ್ಲಿ ಮುಂದಿನ ಗಿರಾಕಿ ಕುರ್ಚಿಗೆ ಬಂದ. ಮತ್ತೊಮ್ಮೆ ಬಂದು ಸಾವಕಾಶ ಕೂತು ಮಾತಾಡಬೇಕೆಂದುಕೊಂಡೆ. ಸಂಸಾರ, ಶಾಲೆ, ಬದಲಿ... ಮತ್ತೊಮ್ಮೆ ಹೋಗುವ ಹೊತ್ತಿಗೆ ಕಾಕಾ ಇರಲಿಲ್ಲ. ತೀರಿಹೋಗಿ ಎರಡು ವರ್ಷವಾಗಿತ್ತು. ಅವರ ಮಣ್ಣಿಗೆ ಶೆಡ್ಡಿನವರೆಲ್ಲ ಮಗ್ಗ ನಿಲ್ಲಿಸಿ ಹೋಗಿದ್ದರೆಂದು ನೇಕಾರ ಹೇಳಿದ.

ಈಗ ನೇಕಾರನೂ ಇಲ್ಲ. ಅಂದು ಅಂಗಳದಲ್ಲಿ ನಿಂತಿದ್ದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೋ ತಿಳಿಯದು. ಆವತ್ತು ರೆಕ್ಟರರಿಗೆ ನಾನು ಹೇಳಬೇಕಾಗಿದ್ದದ್ದು ಬಹಳವೇನಲ್ಲ: ‘ಕತ್ತಿ ಬ್ಯಾರೆ ಐತ್ರಿ, ನಾ ಕಣ್ಣಾರೆ ನೋಡೀನಿ.’ ಮೊನ್ನೆ ಮನೆಯವರೆಲ್ಲ ಹೊರಗೆ ಹೋದಾಗ ಅದನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ. ಒಂದು ಉಸಿರಿನಲ್ಲಿ ಮುಗಿದುಹೋಯಿತು.