ಪಿನ್ನಿ ಹೇಳದ ಮಾತು

ನಾನು ಚಿಕ್ಕವಳಿದ್ದಾಗ, ಒಂದು ಬೆಳಿಗ್ಗೆ ಹತ್ತೂಕಾಲಿಗೆ ಒಂದು ಸುಳ್ಳು ಹೇಳಿದೆ. ಲಿಂಗಸೂಗೂರಿನ ಬಸ್ಸು ಆಗತಾನೇ ಹಾರ್ನ್ ಹೊಡೆದು ಹೋಗಿತ್ತು, ಅದಕ್ಕೇ ಹೊತ್ತು ನೆನಪಿದೆ.

ಆಗ ಸಿಂಧನೂರು ಇಷ್ಟು ದೊಡ್ಡದಿರಲಿಲ್ಲ. ಈಗ ನಮ್ಮ ಬಡಾವಣೆ ಇರುವಲ್ಲಿ ಅಪ್ಪನ ಹೊಲವಿತ್ತು. ಜೋಳ ಬೆಳೆಯುತ್ತಿದ್ದ ಕರಿಮಣ್ಣಿಗೆ ಕಾಲುವೆ ನೀರು ಬಂದಿತ್ತು, ಆದರೆ ಭತ್ತ ನಾಟಿ ಮಾಡುವುದು ನಮ್ಮವರಿಗೆ ತಿಳಿಯದು. ಕಲಿಸಿದವರು ಆಂಧ್ರದಿಂದ ಬಂದು ಕಾಲುವೆಯಾಚೆ ಕ್ಯಾಂಪ್ ಕಟ್ಟಿಕೊಂಡವರು. ಅವರಲ್ಲಿ ನಮ್ಮ ಹೊಲಕ್ಕೆ ಮೊದಲ ಸಸಿ ನೆಟ್ಟವಳನ್ನು ಕ್ಯಾಂಪಿನ ಮಕ್ಕಳಂತೆ ನಾನೂ 'ಪಿನ್ನಿ' ಎನ್ನುತ್ತಿದ್ದೆ, ಚಿಕ್ಕಮ್ಮ ಎಂದರ್ಥ. ಅವಳ ಕೈಗೆ ಸದಾ ಕೆಸರಿನ, ಸಸಿಯ ಹಸಿ ವಾಸನೆ.

ಅವಳ ಮಕ್ಕಳ ಜೊತೆ ಆಡಿ ನಾಲ್ಕು ತೆಲುಗು ಮಾತು ಕಲಿತು ಮೆರೆಯುತ್ತಿದ್ದೆ. "ಬಂದ್ರು ನೋಡ್ರಿ ತೆಲುಗು ಪಂಡಿತ್ರು!" ಎಂದು ಅಕ್ಕ ಕಾಡುತ್ತಿದ್ದಳು.

ಅಂದು ನಾವಿಬ್ಬರೂ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆವು. ಕಾಲುವೆಗೆ ಹೊಸ ನೀರು ಬಿಟ್ಟಿದ್ದರು. ದಾಟಲು ಹಾಕಿದ್ದ ಮರದ ದಿಮ್ಮಿಯನ್ನು ನೀರು ಮುಟ್ಟುತ್ತಿತ್ತು. ಆಚೆ ದಡದಿಂದ ಪಿನ್ನಿ ಎರಡೂ ಕೈ ಬೀಸುತ್ತ, "ಆಗು! ಆಗು!" ಎಂದು ಕೂಗಿದಳು. ತೆಲುಗಿನಲ್ಲಿ ಹಾಗೆಂದರೆ ನಿಲ್ಲು.

"ಏನಂತಾಳಬೇ ಅಕಿ?" ಎಂದಳು ಅಕ್ಕ.

ನನಗೆ ಗೊತ್ತಿತ್ತು. ಆದರೆ ಸೇತುವೆ ಬಲು ದೂರ, ಬಿಸಿಲಿಗೆ ಕಾಲು ಸುಡುತ್ತಿದ್ದವು. "ಹೋಗು ಅಂತಾಳ. ನಡಿ," ಎಂದೆ.

ಅಕ್ಕ ಮೊದಲು ದಿಮ್ಮಿ ಹತ್ತಿದಳು. ಮೂರನೆಯ ಹೆಜ್ಜೆಗೆ ಅದು ಉರುಳಿತು. ಅಕ್ಕನ ಜಡೆ ಒಮ್ಮೆ ಕಂಡಿತು, ಆಮೇಲೆ ಅದೂ ಇಲ್ಲ. ಪಿನ್ನಿ ದಡದ ಮೇಲೆ ಓಡಿದಳು, ನೀರಿಗೆ ಜಿಗಿದಳು, ಜಡೆ ಹಿಡಿದು ಎಳೆದಳು. ಅಕ್ಕ ಕೆಮ್ಮಿ ನೀರು ಕಾರುವವರೆಗೂ ನಾನು ಬುತ್ತಿ ಹಿಡಿದು ನಿಂತೇ ಇದ್ದೆ. ಈಗಲೂ ಹಾಗೇ ನಿಂತಿರುತ್ತೇನೆ, ಕಾಲುವೆಯ ಸದ್ದು ಕೇಳಿದಾಗೆಲ್ಲ.

ಅಪ್ಪ ಓಡಿಬಂದ. "ದಾಟ್ರಿ ಅಂತ ಯಾರ್ ಹೇಳಿದ್ರಬೇ?"

"ಪಿನ್ನಿ... ಹೋಗು ಅಂದ್ಲು," ಎಂದೆ.

"ನೇನು ಆಗು ಅನ್ನಾನಯ್ಯಾ," ಎಂದಳು ಪಿನ್ನಿ; ನಾನು ನಿಲ್ಲು ಅಂದೆನಯ್ಯಾ ಎಂದು. ಸೀರೆಯಿಂದ ನೀರು ಸೋರುತ್ತಿತ್ತು. ತೆಲುಗು ಬಾರದ ಅಪ್ಪನಿಗೆ ಅದೂ 'ಹೋಗು' ಎಂದೇ ಕೇಳಿಸಿತು.

"ಇನ್ನ ನಮ್ಮ ಹೊಲದಾಗ ಕಾಲಿಡಬ್ಯಾಡ!"

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಎಂಟು ದಿನ ಕಣ್ಣು ಮುಚ್ಚಿದರೆ ಸಾಕು, ದಿಮ್ಮಿ ಉರುಳುತ್ತಿತ್ತು. ಒಂಬತ್ತನೆಯ ದಿನ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಹೊಡೆಯಲಿಲ್ಲ. ಕ್ಯಾಂಪಿಗೆ ಕರೆದೊಯ್ದು ಎಲ್ಲರ ಮುಂದೆ ಹೇಳಿಸಿದ. ತಾನೂ ರುಮಾಲು ತೆಗೆದು, "ತಪ್ಪಾತವ್ವಾ," ಎಂದ. ಪಿನ್ನಿ ಬೈಯಲಿಲ್ಲ. "ಪಿಲ್ಲ ಬಾಗುಂದಾ?" ಎಂದಳು; ಹುಡುಗಿ ಆರಾಮಿದ್ದಾಳಾ ಎಂದು.

ಅಂದು ಬೆಳಗಿನವರೆಗೂ ನಿದ್ದೆ ಬಂತು. ಅವಳು ಮಾತ್ರ ಮತ್ತೆ ನಮ್ಮ ಹೊಲಕ್ಕೆ ಬರಲಿಲ್ಲ.

ಮೊಮ್ಮಕ್ಕಳೇ, ಆ ಹೊಲದಲ್ಲೀಗ ನಿಮ್ಮ ಪಾರ್ಕಿದೆ, ಮಾಳಿಗೆ ಮನೆಗಳಿವೆ, ಮನೆಗೆರಡು ಕಾರಿವೆ. ನೀವು ಒಂದೇ ಆಟದಲ್ಲಿ ಕನ್ನಡ, ತೆಲುಗು ಎರಡರಲ್ಲೂ ಜಗಳವಾಡುತ್ತೀರಿ. ಮೊನ್ನೆ ಶಾಲೆಗೆ ಬಡಾವಣೆಯ ಇತಿಹಾಸ ಬರೆಯುವಾಗ, ಇಲ್ಲಿ ಮೊದಲು ಭತ್ತ ಬೆಳೆದವರು ಯಾರೆಂದು ಕೇಳಿದಿರಿ. ನಿಮ್ಮ ಮುತ್ತಜ್ಜ ಎಂದುಬಿಟ್ಟೆ, ನೀವು ಬರೆದುಕೊಂಡಿರಿ. ಮಕ್ಕಳೇ, ಆ ಸಾಲು ಹೊಡೆದುಹಾಕಿ. ಪಿನ್ನಿ ಎಂದು ಬರೆಯಿರಿ. ಅವಳ ಹೆಸರು ಕೇಳಬೇಡಿ. ನಾನೂ ಎಂದೂ ಕೇಳಲಿಲ್ಲ.