ಕೈಗೆ ಕೂರದ ಬ್ಯಾಟು

ಶಟಲ್ ಆಡುವವರ ಹತ್ತಿರ ಇರುವಷ್ಟು ನೆಪಗಳು ಬೇರೆ ಯಾವ ಆಟದವರ ಹತ್ತಿರವೂ ಇರಲಿಕ್ಕಿಲ್ಲ. ಗಾಳಿ ಇತ್ತು, ಲೈಟು ಕಣ್ಣಿಗೆ ಬಡಿಯಿತು, ಗರಿಯ ಕಾಕ್ ಹಗುರವಾಯಿತು, ನೆಲ ಜಾರಿತು, ಮಧ್ಯಾಹ್ನ ಬಂಗುಡೆ ಮೀನಿನ ಸಾರು ಸ್ವಲ್ಪ ಹೆಚ್ಚಾಯಿತು. ಇವೆಲ್ಲ ಒಂದು ಸಂಜೆಗೆ ಮಾತ್ರ ಬಾಳುವ ನೆಪಗಳು. ತಿಂಗಳುಗಟ್ಟಲೆ ಬಾಳುವ ನೆಪ ಒಂದೇ: ಹೊಸ ಬ್ಯಾಟು, ಇನ್ನೂ ಕೈಗೆ ಕೂತಿಲ್ಲ.

ಕಾಪುವಿನಲ್ಲಿ ನಾವು ಆಡುವ ಕೋರ್ಟಿನಲ್ಲಿ ಈ ನೆಪಕ್ಕೆ ಕಾನೂನಿನ ಬಲವೇ ಉಂಟು. ಹೊಸ ಬ್ಯಾಟು ತಂದವನು ಆ ಸಂಜೆ ಎಲ್ಲರಿಗೂ ಎಣ್ಣೆಯಲ್ಲಿ ಕರಿದ ಬಿಸಿ ಗೋಳಿಬಜೆ ತರಿಸಬೇಕು. ಬಜೆ ತಿಂದವರು ಅಲ್ಲಿಂದ ಒಂದು ತಿಂಗಳು ಅವನ ತಪ್ಪನ್ನು ಎತ್ತಿ ಆಡುವ ಹಾಗಿಲ್ಲ. ಕಾಕ್ ನೆಟ್ಟಿಗೆ ಬೀಳಲಿ, ತಗಡಿನ ಮಾಡಿಗೆ ಹೋಗಲಿ, ಬೀಸಿದ ಬ್ಯಾಟಿಗೆ ಬರೀ ಗಾಳಿ ಸಿಗಲಿ, "ಹೊಸ ಬ್ಯಾಟಲ್ವಾ" ಎಂದು ಮುಂದಿನ ಸರ್ವಿಸಿಗೆ ಹೋಗಬೇಕು. ಯಾರು ಮಾಡಿದ ಕಾನೂನೋ ಯಾರಿಗೂ ನೆನಪಿಲ್ಲ. ಬಜೆ ಮಾತ್ರ ಒಮ್ಮೆಯೂ ತಪ್ಪಿದ್ದಿಲ್ಲ. ಕಳೆದ ವರ್ಷ ನಾನೂ ತರಿಸಿದ್ದೆ. ಆ ಬಜೆಯ ಮರೆಯಲ್ಲಿ ನಾನು ಬಚ್ಚಿಟ್ಟದ್ದು ಏನು ಎಂದು ಹೇಳಲಿಕ್ಕೆ ಕೂತಿದ್ದೇನೆ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನು ನಾನು. ಬರವಣಿಗೆ ಕೈಗೆ ಕೂತಿಲ್ಲ ಎಂಬ ನೆಪ ನನಗೂ ಸಲ್ಲುತ್ತದೆ. ಆದರೆ ಆ ಮಾತನ್ನು ಒಮ್ಮೆ ಹೇಳಿ ಕೆಟ್ಟವನು, ಎರಡನೆಯ ಸಲ ಹೇಳಲಾರೆ.

ನಾನು ಕಾರ್ಕಳ–ಉಡುಪಿ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಅದರ ಡ್ರೈವರ್ ವಿಠಲ. ಮುಂದೆ ಅವನು, ಹಿಂದೆ ನಾನು. ನಮ್ಮ ಅರ್ಧ ಆಯುಷ್ಯ ಹೀಗೇ ಹೋಯಿತು. ಕಾರ್ಕಳದ ಸ್ಟ್ಯಾಂಡಿನಲ್ಲಿ ಬಸ್ಸು ಹಿಂದೆ ತೆಗೆಯುವಾಗ ವಿಠಲ ಕತ್ತು ತಿರುಗಿಸಿದ್ದನ್ನು ನಾನು ಕಂಡವನಲ್ಲ. ನಾನು ಸೀಟಿ ಊದುತ್ತಿದ್ದರೆ ಬರುತ್ತಿದ್ದ, ನಿಲ್ಲಿಸಿದರೆ ನಿಲ್ಲುತ್ತಿದ್ದ. "ಹಿಂದೆ ನೀನಿದ್ದಿಯಲ್ಲ, ಮತ್ತೆ ನಾನೆಂತ ನೋಡುವುದು?" ಎಂದು ಕೇಳುತ್ತಿದ್ದ. ರಿಟೈರಾದ ಮೇಲೆ ಇಬ್ಬರೂ ಕಾಪುವಿನಲ್ಲಿ ಶಟಲ್ ಹಿಡಿದೆವು. ಅಲ್ಲಿಯೂ ಅದೇ ವ್ಯವಸ್ಥೆ: ನೆಟ್ಟಿನ ಹತ್ತಿರ ವಿಠಲ, ಹಿಂದಿನ ಗೆರೆಯಲ್ಲಿ ನಾನು. ಡಬಲ್ಸಿನಲ್ಲಿ ಮುಂದೆ ನಿಂತವನು ಹಿಂದೆ ತಿರುಗಬಾರದು ಎಂಬುದು ಮೊದಲ ಪಾಠ. ಈ ಪಾಠವನ್ನು ವಿಠಲನಿಗೆ ಯಾರೂ ಕಲಿಸಬೇಕಾಗಲಿಲ್ಲ.

ಕಳೆದ ವರ್ಷ ಕಾರ್ಕಳದಲ್ಲಿ ಅರವತ್ತು ದಾಟಿದವರ ಪಂದ್ಯಾಟವಿತ್ತು. ಹಿಂದಿನ ಗೆರೆಯಿಂದ ನಾನು ಎತ್ತಿ ಹೊಡೆದ ಕಾಕು ಎದುರಿನವರ ಹಿಂದಿನ ಗೆರೆ ಮುಟ್ಟದೆ ನಡುವೆಯೇ ಇಳಿಯಿತು, ಅವರು ಹೊಡೆದು ಮುಗಿಸಿದರು. ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಮರುದಿನ ಕೋರ್ಟಿನಲ್ಲಿ ಯಾರೋ, "ಎಂತಾಯ್ತು ವಿಠಲಣ್ಣ?" ಎಂದು ಕೇಳಿದರು.

"ಆಗುವುದೆಂತ? ಮೊದಲು ಬಸ್ಸಿನಲ್ಲಿ ಚಿಲ್ಲರೆ ಬಾಕಿ ಇಡ್ತಿದ್ದ, ಈಗ ಕಾಕನ್ನೂ ಅರ್ಧ ದಾರಿಯಲ್ಲಿ ಬಾಕಿ ಇಡ್ತಾನೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಿಲ್ಲರೆಯ ಮಾತು ಸುಳ್ಳೂ ಅಲ್ಲ. ಆದರೆ ಬೇರೆಯವರ ನಗು ಅಲ್ಲಿಗೇ ಮುಗಿಯಿತು, ನನ್ನದು ಮನೆಯವರೆಗೆ ಬಂದು ಒಳಗೆ ಹುಳಿಯಾಯಿತು. ವಯಸ್ಸಾದರೆ ಮನಸ್ಸು ದೊಡ್ಡದಾಗುತ್ತದೆ ಎಂದು ಹೇಳುವವರು ಮುದುಕರನ್ನು ದೂರದಿಂದ ನೋಡಿದವರು. ನನ್ನ ಮನಸ್ಸಂತೂ ಮಳೆಗೆ ನೆನೆದು ಒಣಗಿದ ಚರ್ಮದ ಚಪ್ಪಲಿಯ ಹಾಗೆ ಇನ್ನಷ್ಟು ಬಿಗಿಯಾಯಿತು. ತಪ್ಪು ಭುಜದ್ದಲ್ಲ, ಬ್ಯಾಟಿನದು ಎಂದು ತೀರ್ಮಾನಿಸಿದೆ.

ಉಡುಪಿಯ ಅಂಗಡಿಗೆ ನನ್ನ ಜೊತೆ ಬಂದದ್ದು ಅದೇ ವಿಠಲ. ಹೊಸ ಬ್ಯಾಟು ಕೊಳ್ಳುವುದು ಹೆಣ್ಣು ನೋಡಲು ಹೋದಂತೆ ಎಂದು ಹಿಂದೆ ತಮಾಷೆ ಮಾಡುತ್ತಿದ್ದೆವು. ಈಗ ಅದು ರಕ್ತ ಪರೀಕ್ಷೆಯ ವರದಿ ಓದಿದ ಹಾಗೆ. ತೂಕಕ್ಕೆ ಒಂದು ಅಕ್ಷರ, ಹಿಡಿಯ ದಪ್ಪಕ್ಕೆ ಇನ್ನೊಂದು. ತಲೆ ಭಾರದ್ದು ಬೇರೆ, ತಲೆ ಹಗುರದ್ದು ಬೇರೆ. ಅಂಗಡಿಯವ ನನ್ನ ನರೆತ ಕೂದಲು ನೋಡಿ ತಲೆ ಹಗುರದ್ದನ್ನು ಮುಂದಿಟ್ಟ. ನಾನು ತಲೆ ಭಾರದ್ದನ್ನು ಎತ್ತಿಕೊಂಡೆ. ದಾರ ಎಷ್ಟು ಬಿಗಿ ಬೇಕು ಎಂದು ಕೇಳಿದ. ಇಪ್ಪತ್ತೆಂಟು ಪೌಂಡು ಎಂದೆ. ಮಣಿಪಾಲದ ಕಾಲೇಜು ಹುಡುಗರು ಹಾಗೆ ಹೇಳುವುದನ್ನು ಕೇಳಿದ್ದೆ.

"ಬೇಡ ಮಾರಾಯ. ನಿನ್ನ ಭುಜ ನೋಡಿ ತೆಗಿ, ಆಸೆ ನೋಡಿ ತೆಗೀಬೇಡ," ಎಂದ ವಿಠಲ.

"ಬಿಗಿ ಇದ್ದರೆ ದೂರ ಹೋಗ್ತದೆ."

"ಸಡಿಲ ಇದ್ದರೆ ದೂರ ಹೋಗುವುದು. ಬಿಗಿಯಾದರೆ ನೀನೇ ತಳ್ಳಬೇಕು. ತಳ್ಳಲಿಕ್ಕೆ ನಿನ್ನಲ್ಲಿ ಎಂತ ಉಂಟು?"

ಅವನು ಹೇಳಿದ್ದೇ ಸರಿ. ಎಲ್ಲರಿಗೂ ಅನಿಸುವುದಕ್ಕೆ ಇದು ಉಲ್ಟಾ. ಸಡಿಲ ದಾರ ಕಾಕನ್ನು ಒಂದು ಕ್ಷಣ ಒಳಗೆಳೆದುಕೊಂಡು ಚಿಮ್ಮಿಸುತ್ತದೆ, ಮುದಿ ಕೈಗೆ ಅದು ಉಪಕಾರ. ಬಿಗಿ ದಾರ ಯಾರಿಗೂ ಉಪಕಾರ ಮಾಡುವುದಿಲ್ಲ, ಇಟ್ಟ ಗುರಿಗೆ ಮಾತ್ರ ಕರಾರುವಾಕ್ಕಾಗಿ ಕಳಿಸುತ್ತದೆ. ದಾರ ಕಟ್ಟುವುದಕ್ಕೆ ನಮ್ಮಲ್ಲಿ ಈಗಲೂ ಗಟ್ಟಿಂಗ್ ಎನ್ನುತ್ತಾರೆ. ಗಟ್ ಎಂದರೆ ಕರುಳು. ಒಂದು ಕಾಲದಲ್ಲಿ ಪ್ರಾಣಿಗಳ ಕರುಳನ್ನೇ ಹೊಸೆದು ಬ್ಯಾಟಿಗೆ ಕಟ್ಟುತ್ತಿದ್ದರಂತೆ. ನನ್ನ ಶಾಲೆಯ ದಿನಗಳ ಮರದ ಬ್ಯಾಟುಗಳು ಮಳೆಗಾಲದಲ್ಲಿ ಹಪ್ಪಳದ ಹಾಗೆ ಬಾಗುತ್ತಿದ್ದವು. ಬಾಗದಿರಲೆಂದು ಅವನ್ನು ಎರಡು ಮರದ ಚೌಕಟ್ಟಿನ ನಡುವೆ ಇಟ್ಟು ಸ್ಕ್ರೂ ಬಿಗಿಯಬೇಕಿತ್ತು. ಈಗಿನವು ಬಾಗುವುದಿಲ್ಲ. ಕರುಳೂ ಹೋಯಿತು, ನೈಲಾನು ಬಂತು. ಕರುಳಿಲ್ಲದ ಬ್ಯಾಟು ಎಂದು ಈಚೆಗೆ ನನಗೆ ಆಗಾಗ ಅನಿಸುವುದುಂಟು. ಆದರೆ ಅದೂ ಬ್ಯಾಟಿನ ಮೇಲೆ ಹೊರೆ ಹಾಕಿದ ಹಾಗೆಯೇ.

ಬಜೆ ತರಿಸಿದೆ. ಎಲ್ಲರೂ ತಿಂದರು. ನನ್ನ ತಿಂಗಳು ಶುರುವಾಯಿತು.

ಮೊದಲ ವಾರ ಎಲ್ಲವೂ ತಪ್ಪಿತು. ಕಾಕು ದಾರಕ್ಕೆ ತಾಗುವ ಬದಲು ಚೌಕಟ್ಟಿಗೆ ತಾಗಿ ಟಕ್ ಎನ್ನುತ್ತಿತ್ತು. ರಾತ್ರಿ ಭುಜಕ್ಕೆ ಹೆಂಡತಿ ಎಣ್ಣೆ ತಿಕ್ಕಿದಳು. "ಸೊಳ್ಳೆ ಬ್ಯಾಟು ಮನೆಯಲ್ಲೇ ಉಂಟಲ್ಲ, ಅದು ಸಾಕಾಗ್ತಿರಲಿಲ್ವಾ ನಿಮಗೆ?" ಎಂದಳು. ಕೋರ್ಟಿನಲ್ಲಿ ಯಾರೂ ಏನೂ ಹೇಳಲಿಲ್ಲ. ವಿಠಲ ಮಾತ್ರ ಕಾನೂನಿನೊಳಗೊಂದು ಕಿಂಡಿ ಹುಡುಕಿದ. ನನಗೆ ಬರುವ ಕಾಕಿಗೂ ಮುಖ ತಿರುಗಿಸದೆ ಹಿಂದೆ ಹಿಂದೆ ಓಡಿ ಬಂದು ಹೊಡೆಯತೊಡಗಿದ. "ಬಜೆ ತಿಂದಿದ್ದೇನೆ, ಬೈಯುವುದಿಲ್ಲ. ಹೊಡೆಯುವುದು ಮಾತ್ರ ನಾನೇ!" ಎಂದು ಕೂಗುತ್ತಿದ್ದ. ಬೆಂಚಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹದಿನೈದನೆಯ ದಿನದ ಸಂಜೆಯೂ ಹಾಗೇ ಎರಡು ಮೂರು ಸಲ ಆಯಿತು. ಆಮೇಲೆ ಒಂದು ಕಾಕು ಎತ್ತರಕ್ಕೆ ಎದ್ದು ನನ್ನ ಕಡೆಗೇ ಬಂತು. ಹಬೆ ಏಳುವಷ್ಟು ನಿಧಾನ. ನನ್ನ ಮುಂದೆ ವಿಠಲನ ಬೆನ್ನು, ಬೆವರಿಗೆ ಅಂಟಿಕೊಂಡ ನೀಲಿ ಬನಿಯನು. ಆ ಬೆನ್ನಿಗೆ ಒಂದು ಬೀಳಲಿ ಎಂದು ನನಗೆ ಅನಿಸಿತು. ಸುಮ್ಮನೆ ಅನಿಸಿದ್ದಲ್ಲ. ಕಾಲು ಸರಿಪಡಿಸಿ ನಿಂತೆ, ಮೊಣಕೈ ಎತ್ತಿದೆ, ಗುರಿ ಇಟ್ಟೆ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಅದೇ ಕ್ಷಣಕ್ಕೆ, ನೆಟ್ಟಿನ ಹತ್ತಿರ ಬಗ್ಗಿ ನಿಂತಿದ್ದ ಅವನು ತಿರುಗಿದ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಿಂದೆ ತಿರುಗದವನು ತಿರುಗಿದ.

ಹದಿನೈದು ದಿನಗಳಲ್ಲಿ ಆ ಬ್ಯಾಟಿನಿಂದ ನಾನು ಎಣಿಸಿದ ಕಡೆಗೆ ಹೋದ ಹೊಡೆತ ಅದೊಂದೇ. ಬ್ಯಾಟು ಕೈಗೆ ಕೂತಿತ್ತು.

ಅವನು ಎಡಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಕೂತುಬಿಟ್ಟ. ಬೆರಳುಗಳ ಸಂದಿಯಲ್ಲಿ ರಕ್ತ ಕಂಡಿತು. ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಕೇಳುವ ಮೊದಲೇ ನನ್ನ ಬಾಯಿಯಿಂದ ಮಾತು ಹೊರಬಂತು: "ಹೊಸ ಬ್ಯಾಟು, ಕೈಗೆ ಕೂತಿಲ್ಲ." ಎಲ್ಲರೂ ತಲೆಯಾಡಿಸಿದರು. ಬಜೆ ತಿಂದಿದ್ದರಲ್ಲ. ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಬೆವರು ಒರೆಸುವ ಬೈರಾಸನ್ನು ಒದ್ದೆ ಮಾಡಿ ಅವನ ಕಣ್ಣಿಗೆ ಒತ್ತಿ ಹಿಡಿದವನು ನಾನೇ. ವಿಠಲ ನನ್ನ ಮೊಣಕಾಲು ತಟ್ಟಿ, "ಹೆದರಬೇಡ ಶೀನ, ಹೊಸ ಬ್ಯಾಟಲ್ವಾ, ನಿನಗೆಂತ ಗೊತ್ತು?" ಎಂದ.

ಡಾಕ್ಟರು ವಿವರಿಸಿ ಹೇಳಿದರು. ದೊಡ್ಡ ಚೆಂಡಾದರೆ ಕಣ್ಣಿನ ಸುತ್ತಲಿನ ಎಲುಬು ತಡೆಯುತ್ತದಂತೆ. ಕಾಕಿನ ಬಿರಡೆಯಂಥ ತಲೆ ಚಿಕ್ಕದು, ನೇರವಾಗಿ ಗುಳಿಯೊಳಗೇ ಹೋಗುತ್ತದೆ. ಎಡಗಣ್ಣಿಗೆ ಈಗ ಬೆಳಕು ಮತ್ತು ಕತ್ತಲೆಯ ವ್ಯತ್ಯಾಸ ಮಾತ್ರ ಗೊತ್ತಾಗುತ್ತದೆ. ಒಂದು ಕಣ್ಣು ಹೋದರೆ ಅರ್ಧ ನೋಟ ಹೋಯಿತು ಎಂದಷ್ಟೇ ನಾನು ಎಣಿಸಿದ್ದೆ. ಹೋಗುವುದು ದೂರದ ಅಂದಾಜು. ಲೋಟಕ್ಕೆ ನೀರು ಎರೆದರೆ ಆಚೆಗೆ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ಪಾದ ಗಾಳಿಯಲ್ಲಿ ನೆಲ ಹುಡುಕುತ್ತದೆ. ಕಾರ್ಕಳದ ತಿರುವುಗಳಲ್ಲಿ ಬಸ್ಸು ಓಡಿಸಿದವನು ಮನೆಯ ಹಳೆಯ ವ್ಯಾನಿನ ಕೀಲಿಯನ್ನು ಮಗಳಿಗೆ ಕೊಟ್ಟ.

ಬ್ಯಾಟಿಗೆ ಕೆಟ್ಟ ಹೆಸರು ಬಂತು. "ಅದನ್ನು ಹೊಳೆಗೆ ಬಿಸಾಡಿ ಶೀನಣ್ಣ" ಎಂದರು. ನಾನು ಬಿಸಾಡಲಿಲ್ಲ, ಕೋಣೆಯ ಮೊಳೆಗೆ ನೇತುಹಾಕಿದೆ. ದೆವ್ವ ಹಿಡಿದ ಬ್ಯಾಟು ಎಂದು ಯಾರಾದರೂ ಹೇಳಿದರೆ ನನಗೆ ಹಿತವಾಗುತ್ತಿತ್ತು. ಎಷ್ಟು ನೀಚ ಹಿತ! ವಿಠಲ ಸಂಜೆ ಬಂದು ಬೆಂಚಿನಲ್ಲಿ ಕೂತು ಗೆರೆ ನೋಡಿ ಹೇಳುತ್ತಿದ್ದ. ಒಳಗೆ ಬಿದ್ದದ್ದನ್ನು ಔಟ್ ಎಂದರೂ ಯಾರೂ ಎದುರಾಡುತ್ತಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಒಂದು ದಿನ ಎದ್ದು ಹೋದವನು ಮತ್ತೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅವನ ಮನೆಗೆ ಹೋದೆ. ಮನೆಯ ಪಕ್ಕ ಮಲ್ಲಿಗೆ ಗಿಡಗಳು. ಬಿಸಿಲೇರುವ ಮೊದಲು ಮೊಗ್ಗು ಕೊಯ್ದು ಮುಗಿಸಬೇಕು. ಅವನ ಹೆಂಡತಿ ಗುಲಾಬಿ ಒಂದು ಸಾಲಿನಲ್ಲಿ, ಇವನು ಇನ್ನೊಂದರಲ್ಲಿ. ವಿಠಲನ ಬೆರಳು ಮೊಗ್ಗಿಗೆ ಇನ್ನೂ ಒಂದಿಷ್ಟು ದೂರ ಇರುವಾಗಲೇ ಮುಚ್ಚಿಕೊಳ್ಳುತ್ತಿತ್ತು. ಮತ್ತೆ ತೆರೆದು ಇನ್ನೊಮ್ಮೆ ಮುಂದೆ ಚಾಚುತ್ತಿದ್ದ. ಅದನ್ನು ನೋಡಿದ ಮೇಲೆ ಮನೆಯಿಂದ ಜೋಡಿಸಿಕೊಂಡು ತಂದ ಮಾತುಗಳೆಲ್ಲ ಮರೆತುಹೋದವು.

"ಬ್ಯಾಟಿನ ತಪ್ಪಲ್ಲ ವಿಠಲ. ನಾನು ಬೇಕೆಂದೇ ಹೊಡೆದದ್ದು," ಎಂದೆ.

ಅವನ ಕೈ ನಿಂತಿತು. "ಕಣ್ಣಿಗಾ?"

"ಅಲ್ಲ, ಬೆನ್ನಿಗೆ. ನೀನು ತಿರುಗ್ತಿ ಅಂತ ಗೊತ್ತಿರಲಿಲ್ಲ."

ಅವನು ಕೈಯಲ್ಲಿದ್ದ ಮೊಗ್ಗುಗಳನ್ನು ಬುಟ್ಟಿಗೆ ಹಾಕಿದ. "ಯಾಕೆ ತಿರುಗಿದೆ ಗೊತ್ತುಂಟಾ?" ಎಂದು ಕೇಳಿದ. "ಅದು ನಿನ್ನದು, ನೀನೇ ಹೊಡಿ ಅಂತ ಹೇಳ್ಲಿಕ್ಕೆ. ದಿನಾ ನಾನೇ ಹೊಡೆದರೆ ನಿನ್ನ ಬ್ಯಾಟು ಕೈಗೆ ಕೂರುವುದು ಯಾವಾಗ ಅಂತ."

ಗುಲಾಬಿ ಚಾ ತಂದಳು. ಎರಡು ಲೋಟ. ವಿಠಲ ಒಂದನ್ನು ತೆಗೆದುಕೊಂಡು, "ಅವನಿಗೆ ಬೇಡ" ಎಂದ. ಅವಳು ನನ್ನ ಮುಖ ನೋಡಿದಳು, ಇನ್ನೊಂದು ಲೋಟವನ್ನು ಒಳಗೆ ಒಯ್ದಳು. ನಮ್ಮೂರಿನಲ್ಲಿ ಮನೆಗೆ ಬಂದವನಿಗೆ ಇದಕ್ಕಿಂತ ಹೆಚ್ಚು ಹೇಳುವ ಕ್ರಮವಿಲ್ಲ. ನಾನು ಗೇಟು ಮುಚ್ಚಿ ಬಂದೆ.

ತಪ್ಪು ಒಪ್ಪಿಕೊಂಡರೆ ಎದೆಯ ಭಾರ ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿಯಲಿಲ್ಲ. ಇಷ್ಟು ದಿನ ಮೊಳೆಯ ಮೇಲಿದ್ದ ಭಾರ ನನ್ನ ಹೆಗಲಿಗೆ ಬಂತು, ಅಷ್ಟೆ. ಕೋರ್ಟಿನವರಿಗೂ ಹೇಳಿದೆ. ಕೆಲವರು ಮಾತು ಬಿಟ್ಟರು. ಬಿಟ್ಟದ್ದು ನ್ಯಾಯವೇ.

ಎರಡು ತಿಂಗಳಾದ ಮೇಲೆ ವಿಠಲನ ಮಗಳು ನಮ್ಮ ಮನೆಗೆ ಬಂದಳು. "ಅಪ್ಪ ಆ ಬ್ಯಾಟು ತರ್ಲಿಕ್ಕೆ ಹೇಳಿದ್ದಾರೆ ಮಾಮ" ಎಂದಳು. ಕೊಟ್ಟೆ. ಸುಡುತ್ತಾನೋ ಮುರಿಯುತ್ತಾನೋ, ಕೇಳುವ ಹಕ್ಕು ನನಗಿರಲಿಲ್ಲ. ಒಂದು ವಾರದ ನಂತರ ಸಂಜೆ ಅವನೇ ಕೋರ್ಟಿನ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಅದೇ ಬ್ಯಾಟು, ಹಳೆಯ ದಾರ ಕತ್ತರಿಸಿ ಸಡಿಲವಾಗಿ ಹೊಸತು ಹಾಕಿಸಿದ್ದ. ಇನ್ನೊಂದು ಕೈಯಲ್ಲಿ ಎಣ್ಣೆ ಜಿನುಗುವ ಕಾಗದದ ಕಟ್ಟು. ಕಣ್ಣಿಗೆ ಏಟು ತಡೆಯುವ ದಪ್ಪ ಪ್ಲಾಸ್ಟಿಕ್ಕಿನ ಕನ್ನಡಕ. ಒಳಗೆ ಬಂದು ಕಟ್ಟನ್ನು ಬೆಂಚಿನ ಮೇಲಿಟ್ಟು, ಕಿಸೆಯಿಂದ ಇನ್ನೊಂದು ಅಂಥದೇ ಕನ್ನಡಕ ತೆಗೆದು ನನ್ನ ಮುಂದೆ ಹಿಡಿದ.

"ಹಾಕಿಕೋ. ಇನ್ನು ಹಿಂದೆ ನಾನು, ಮುಂದೆ ನೀನು."

"ವಿಠಲ, ಬ್ಯಾಟು ಹಳೆಯದಲ್ವಾ?" ಎಂದು ಬೆಂಚಿನಿಂದ ಯಾರೋ ಕೇಳಿದರು.

"ನನಗೆ ಹೊಸತು. ತಿನ್ನಿ."

ಬಜೆಯ ಕಟ್ಟು ಎಲ್ಲರ ಮುಂದೆ ಹೋಯಿತು. ಕಡೆಗೆ ನನ್ನ ಮುಂದೆ ಬಂದು ನಿಂತಿತು. ನಾನು ಒಂದು ತೆಗೆದುಕೊಂಡು ಬಾಯಿಗೆ ಹಾಕಿದೆ.

ನೆಟ್ಟಿನ ಹತ್ತಿರ ನಿಂತಾಗ ನನಗೆ ಮೊದಲ ಸಲ ಗೊತ್ತಾಯಿತು, ಬೆನ್ನು ಎಷ್ಟು ಅಗಲ ಎಂದು. ಹಿಂದೆ ಅವನ ಬೂಟು ಉಜ್ಜುವ ಸದ್ದು, ಬ್ಯಾಟು ಗಾಳಿ ಸೀಳುವ ಸದ್ದು. ಮೊದಲಿನ ಮೂರು ನಾಲ್ಕು ಕಾಕುಗಳು ಅವನಿಗೆ ಸಿಗಲೇ ಇಲ್ಲ. ಯಾರೂ ನಗಲಿಲ್ಲ. ಆಮೇಲೆ ಒಂದು ಎತ್ತರದ ಕಾಕು ನನ್ನ ತಲೆಯ ಮೇಲಿಂದ ಹಿಂದಕ್ಕೆ ಹೋಯಿತು. ಠಣ್ ಎಂದು ದಾರದ ನಟ್ಟನಡುವೆ ತಾಗಿದ ಸದ್ದು ಕೇಳಿತು. ಮರುಗಳಿಗೆ ನನ್ನ ಬೆನ್ನಿನ ಮಧ್ಯಕ್ಕೆ, ಕಾದ ಕಬ್ಬಿಣ ಇಟ್ಟ ಹಾಗೆ, ಒಂದು ಏಟು ಬಿತ್ತು.

ಬೆಂಚಿನಲ್ಲಿದ್ದವರು ಎದ್ದು ನಿಂತರು.

"ಹೊಸ ಬ್ಯಾಟು ಮಾರಾಯ," ಎಂದ ವಿಠಲ ಹಿಂದಿನಿಂದ. "ಇನ್ನೂ ಕೈಗೆ ಕೂತಿಲ್ಲ."

ಅಂದಾಜು ತಪ್ಪಿ ಬಿತ್ತೋ, ಗುರಿ ಇಟ್ಟು ಬಿತ್ತೋ, ಅವನ ಮುಖ ನೋಡಿದ್ದರೆ ತಿಳಿಯುತ್ತಿತ್ತೇನೋ. ನಾನು ತಿರುಗಲಿಲ್ಲ. ಕಾಕನ್ನು ಹೆಕ್ಕಿ, ಭುಜದ ಮೇಲಿಂದ ಹಿಂದಕ್ಕೆ ದಾಟಿಸಿ, ನೆಟ್ಟಿನ ಕಡೆಗೆ ಮುಖ ಮಾಡಿ ನಿಂತೆ. ಬಜೆ ತಿಂದಿದ್ದೆನಲ್ಲ, ಕೇಳುವ ಹಾಗಿರಲಿಲ್ಲ.