ಬಡಿಸಲು ಎದ್ದವಳು

ಹಡಗಲಿಯ ನ್ಯಾಯಾಲಯದಲ್ಲಿ ನಲವತ್ತು ವರ್ಷ ವಕೀಲಿಕೆ ಮಾಡಿ ನಾನು ಗಳಿಸಿದ ಕೀರ್ತಿಯೆಂದರೆ, ನನ್ನ ಕರಿಕೋಟು ದೂರದಿಂದಲೇ ಗುರುತು ಸಿಗುತ್ತದೆ. ಈಗ ಅದರಲ್ಲಿ ಕರಿ ಉಳಿದಿಲ್ಲ. ಇಂಥ ಮಹಾನುಭಾವನ ಕೈಕೆಳಗೆ ಎರಡು ವರ್ಷ ಜೂನಿಯರ್ ಆಗಿದ್ದಳು ಆ ಹುಡುಗಿ. ತಾಯಿ ಹೊಳಲಿನ ಹಾಸ್ಟೆಲ್ಲಿನಲ್ಲಿ ಅಡುಗೆಯಾಕೆ. ಮಗಳು ಕಾನೂನು ಪದವಿಯಲ್ಲಿ ಚಿನ್ನದ ಪದಕ ತಂದವಳು. ಇಟ್ಟಿಗಿ ಊರಿನ ಹೊಲದ ಪಾಲಿನ ದಾವೆಯಲ್ಲಿ ನಾನು ವರ್ಷಗಟ್ಟಲೆ ಹುಡುಕಿದ ಕಾಗದವನ್ನು ಒಂದೇ ಮಧ್ಯಾಹ್ನದಲ್ಲಿ ತೆಗೆದುಕೊಟ್ಟು, "ನೀವ ಇಟ್ಟಿದ್ರಿ ಸರ್, ನಾ ಬರೇ ಧೂಳ ಝಾಡಿಸೀನಿ" ಎಂದಿದ್ದಳು.

ಬೆಂಗಳೂರಿನ ದೊಡ್ಡ ವಕೀಲರ ಕಂಪನಿಯೊಂದಕ್ಕೆ ಅರ್ಜಿ ಹಾಕಿಸಿದವನು ನಾನೇ. ಲಿಖಿತ ಪರೀಕ್ಷೆಯಲ್ಲಿ ಅವಳೇ ಮೊದಲು. ಎರಡು ಸಂದರ್ಶನಗಳನ್ನೂ ದಾಟಿದಳು. ಉಳಿದದ್ದು ಒಂದು ಊಟ: ಕಂಪನಿಯ ಹಿರಿಯರ ಜೊತೆ ಹೋಟೆಲ್ಲಿನಲ್ಲಿ ಕೂತು ಉಣ್ಣಬೇಕು. ಊಟವೂ ಪರೀಕ್ಷೆಯೆಂಬುದು ನನ್ನ ಕಾನೂನು ಜ್ಞಾನದಲ್ಲಿ ಇರಲಿಲ್ಲ. ಆದರೂ ಉಪದೇಶಕ್ಕೆ ಕೊರತೆ ಮಾಡಲಿಲ್ಲ.

"ದೊಡ್ಡೋರು ತುತ್ತ ಎತ್ತೂತನಕ ನೀ ಎತ್ತಬ್ಯಾಡ. ನಿನ್ನ ನೀನ ಹೊಗಳ್ಕೊಬ್ಯಾಡ. ವಿನಯ ಇರ್ಲಿ."

"ಚಮಚದಾಗ ಉಣ್ಣು ಅಂದ್ರ ಏನ್ ಮಾಡ್ತೀಯಲೇ?" ಎಂದು ತಾಯಿ ಕಾಡಿದಳು.

"ಸೌಟು ಹಿಡದ ಕೈ ಐತಿ ಬೇ, ಚಮಚಕ್ಕ ಅಂಜ್ತದೇನು?" ಎಂದು ಮಗಳು ನಕ್ಕಳು.

ಹೋಗಿ ಬಂದು ಅವಳು ಹೇಳಿದ್ದಿಷ್ಟು. ಹೋಟೆಲ್ಲಿನವರು ಊಟದ ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಹೋದರು. ಹಿರಿಯರು ಮಾತಿನಲ್ಲಿದ್ದರು, ಎಲ್ಲರ ತಟ್ಟೆಯೂ ಖಾಲಿ. ದೊಡ್ಡವರ ತಟ್ಟೆ ಖಾಲಿಯಿರುವಾಗ ನಮ್ಮ ಕಡೆ ಚಿಕ್ಕವರು ಕೂತಿರುವುದುಂಟೆ? ಇವಳು ಎದ್ದಳು. ಸುತ್ತು ಹೋಗಿ ಅನ್ನ ಬಡಿಸಿದಳು, ನೀರು ಹಾಕಿದಳು. ಅದೇ ಕೆಲಸಕ್ಕೆ ಅರ್ಜಿ ಹಾಕಿ ಬಂದಿದ್ದ ಇನ್ನಿಬ್ಬರು ಕೂತೇ ಇದ್ದು, ತಾವು ನೋಡಿಬಂದ ದೇಶಗಳ ವಿಚಾರವನ್ನು ಹಿರಿಯರಿಗೆ ಹೇಳುತ್ತಿದ್ದರು. ಮೊದಲ ಸುತ್ತಿನಲ್ಲಿ ಒಬ್ಬರು "ಅಯ್ಯೋ, ಬೇಡಮ್ಮ" ಎಂದರಂತೆ. ಎರಡನೆಯ ಸುತ್ತಿಗೆ ಎಲ್ಲರೂ ತಲೆಯೆತ್ತದೆ ತಟ್ಟೆ ಮುಂದೆ ಸರಿಸಿದರು.

"ಆಮ್ಯಾಲೆ ನೀ ಕುಂತ್ಯೋ ಇಲ್ಲೋ?"

"ಕುಂತೆ ಸರ್. ಅಷ್ಟೊತ್ತಿಗೆ ಅವರದು ಉಂಡಾಗಿತ್ತು."

ವಾರ ಬಿಟ್ಟು ಪತ್ರ ಬಂತು. ಪ್ರತಿಭೆಯ ಬಗ್ಗೆ ಸಂಶಯವಿಲ್ಲವಂತೆ. ದೊಡ್ಡ ಕಕ್ಷಿದಾರರ ಎದುರು ಸರಿಸಮನಾಗಿ ಕೂರುವ ಧೈರ್ಯ ಕಾಣಲಿಲ್ಲವಂತೆ. ನಾನು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ನನ್ನ ಉಪದೇಶವನ್ನು ಅವಳು ಒಂದಕ್ಷರ ಬಿಡದೆ ಪಾಲಿಸಿದ್ದಳು.

"ನಾ ಏನ್ ತಪ್ಪ ಮಾಡೀನ್ರಿ ಸರ್?"

ಎಷ್ಟೋ ನ್ಯಾಯಾಧೀಶರಿಗೆ ಉತ್ತರ ಕೊಟ್ಟ ಬಾಯಿ ನನ್ನದು. "ಆ ಜಾಗ ಮೊದ್ಲ ಯಾರಿಗೋ ಹೇಳಿ ಇಟ್ಟಿದ್ರು ಬಿಡವ್ವಾ" ಎಂದು ಸುಳ್ಳು ಹೇಳಿದೆ.

ಅವಳು ಪತ್ರವನ್ನು ಮಡಿಸಿ ಚೀಲದಲ್ಲಿಟ್ಟಳು.

"ಯವ್ವಗೂ ಹಂಗ ಹೇಳ್ತೀನಿ ಸರ್. ನಾ ಬಡಿಸಿದ್ದು ಮಾತ್ರ ಆಕಿ ಮುಂದ ಆಡಬ್ಯಾಡ್ರಿ."